ಮಿಶ್ರತಳಿ ರಾಸುಗಳ ಥೈಲೇರಿಯ ರೋಗ: ಹೊಸ ತಿಳಿವಳಿಕೆ ಮತ್ತು ಹತೋಟಿ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸಾಲ ಮಾಡಿ ತಂದ ಮಿಶ್ರತಳಿ ಹಸು ಬೆಳಿಗ್ಗೆ ಹಾಲು ಕಡಿಮೆ ಮಾಡುತ್ತದೆ, ಸಂಜೆಗೆ ಮೇವು ಬಿಡುತ್ತದೆ. ಬಿಸಿಲಿನ ಜಳವಿರಬೇಕೆಂದು ಮನೆಯವರು ನಾಲ್ಕು ದಿನ ಕಾಯುತ್ತಾರೆ. ಪಶುವೈದ್ಯರು ಬರುವ ಹೊತ್ತಿಗೆ ಹಸು ನೆಲ ಹಿಡಿದಿರುತ್ತದೆ. ಹಸು ಸತ್ತರೂ ಸಾಲದ ಕಂತು ನಿಲ್ಲುವುದಿಲ್ಲ. ಇಂಥ ನಷ್ಟಕ್ಕೆ ಅನೇಕ ವೇಳೆ ಥೈಲೇರಿಯ ರೋಗವೇ ಕಾರಣ.

ಕಣ್ಣಿಗೆ ಕಾಣದ ಏಕಕೋಶದ ಪರಾವಲಂಬಿ ಜೀವಿಯಿಂದ ಈ ರೋಗ ಬರುತ್ತದೆ. ಇದನ್ನು ಹರಡುವುದು ಉಣ್ಣೆ. ದನಗಳ ಕೆಂಪು ಮೂತ್ರದ ಜ್ವರವನ್ನು ಉಣ್ಣೆ ಹರಡುತ್ತದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಈ ಸೂಕ್ಷ್ಮಜೀವಿಗಳ ಅಧ್ಯಯನ ಬಹಳ ಮುಂದುವರಿದಿದೆ.

ಉಣ್ಣೆಯ ಜೊಲ್ಲಿನ ಮೂಲಕ ಒಳಸೇರಿದ ಥೈಲೇರಿಯ ಮೊದಲು ಬಿಳಿ ರಕ್ತಕಣಗಳನ್ನು ಹೊಕ್ಕು, ಅವು ಒಂದೇ ಸಮನೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಆದ್ದರಿಂದಲೇ ಹೆಗಲ ಮುಂದಿನ ಗ್ರಂಥಿಗಳು ಗಡ್ಡೆಯಂತೆ ಊದುತ್ತವೆ. ಬಳಿಕ ಅದು ಕೆಂಪು ರಕ್ತಕಣಗಳನ್ನು ಸೇರುತ್ತದೆ, ರಾಸು ರಕ್ತಹೀನವಾಗುತ್ತದೆ. 2005ರಲ್ಲಿ ಈ ಜೀವಿಯ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು.

ಗಮನಿಸಬೇಕಾದ ಲಕ್ಷಣಗಳು: 104 ಡಿಗ್ರಿ ಫ್ಯಾರನ್‌ಹೀಟ್‌ಗೂ ಮೀರಿದ ಜ್ವರ, ಗ್ರಂಥಿಗಳ ಊತ, ಕಣ್ಣಲ್ಲಿ ನೀರು, ಏದುಸಿರು, ಕಣ್ಣಿನ ಒಳಪೊರೆ ಬಿಳಿಚುವುದು ಅಥವಾ ಹಳದಿಯಾಗುವುದು. ನಾಟಿ ರಾಸುಗಳು ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದರೆ ಮೇಲುನೋಟಕ್ಕೆ ಆರೋಗ್ಯವಾಗಿದ್ದರೂ ಅವುಗಳ ರಕ್ತದಲ್ಲಿ ರೋಗಾಣು ಉಳಿದಿರಬಹುದು. ಅವುಗಳ ಮೈಮೇಲಿನ ಉಣ್ಣೆಯೇ ಪಕ್ಕದ ಮಿಶ್ರತಳಿ ಹಸುವಿಗೆ ರೋಗ ತರುತ್ತದೆ.

ರೋಗ ಯಾವುದೆಂದು ರಕ್ತಲೇಪನದ ಪರೀಕ್ಷೆಯಿಂದ ತಿಳಿಯಬೇಕು. ಜ್ವರ ಕಂಡ ಮೊದಲ ದಿನವೇ ಪಶುವೈದ್ಯರನ್ನು ಕರೆಯಿರಿ. ಬೂಪಾರ್ವಕ್ವೋನ್ ಚುಚ್ಚುಮದ್ದು ಆರಂಭದಲ್ಲೇ ಕೊಟ್ಟರೆ ಗುಣ ಹೆಚ್ಚು. ರಕ್ತ ಬತ್ತಿದ ಮೇಲೆ ಕೊಟ್ಟರೆ ಫಲ ಕಡಿಮೆ. ದೇಹತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಈ ಔಷಧಿಗೂ ಜಗ್ಗದ ಥೈಲೇರಿಯ ಟುನೀಸಿಯ ದೇಶದಲ್ಲಿ ಕಂಡುಬಂದುದು 2010ರಲ್ಲಿ ವರದಿಯಾಗಿದೆ. ಆದ್ದರಿಂದ ಅಂಗಡಿಯಿಂದ ತಂದು ಅರೆಬರೆ ಚುಚ್ಚಿಸುವುದು ತಪ್ಪು. ಚಿಕಿತ್ಸೆಯ ನಂತರ ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಬಳಸಬಾರದು, ಮಾರಬಾರದು.

ಪ್ರಯೋಗಾಲಯದಲ್ಲಿ ಜೀವಕೋಶಗಳೊಳಗೆ ಬೆಳೆಸಿ ಶಕ್ತಿಗುಂದಿಸಿದ ರೋಗಾಣುವಿನಿಂದ ಲಸಿಕೆಯನ್ನೂ ತಯಾರಿಸಲಾಗಿದೆ. ಅದನ್ನು ದ್ರವ ಸಾರಜನಕದಲ್ಲಿ ಕಾಪಾಡಬೇಕು. ಕರುಗಳಿಗೆ ಹಾಕಿಸುವ ಬಗ್ಗೆ ಪಶುವೈದ್ಯರನ್ನು ವಿಚಾರಿಸಿರಿ.

ಉಣ್ಣೆ ಹತೋಟಿಗೆ ಈ ಕ್ರಮಗಳನ್ನು ಅನುಸರಿಸಿರಿ:

1. ಕಿವಿ, ಕೆಚ್ಚಲು, ಬಾಲದ ಬುಡಗಳನ್ನು ದಿನವೂ ನೋಡಿರಿ. ಉಣ್ಣೆ ಕಚ್ಚಿದ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ರೋಗಾಣು ಅದರ ಜೊಲ್ಲಿನಲ್ಲಿ ಬಲಿಯುತ್ತದೆ. ಬೇಗ ತೆಗೆದಷ್ಟೂ ಒಳ್ಳೆಯದು.

2. ತೆಗೆದ ಉಣ್ಣೆಯನ್ನು ಬೆರಳಿನಿಂದ ಹಿಸುಕದೆ ಸೀಮೆಎಣ್ಣೆಯಲ್ಲಿ ಹಾಕಿರಿ.

3. ರಕ್ತ ಹೀರಿದ ಉಣ್ಣೆ ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕೊಟ್ಟಿಗೆಯ ಬಿರುಕುಗಳನ್ನು ಮುಚ್ಚಿರಿ.

4. ಉಣ್ಣೆನಾಶಕವನ್ನು ಎಲ್ಲ ರಾಸುಗಳಿಗೂ, ಗೋಡೆಗಳಿಗೂ ವೈದ್ಯರ ಸಲಹೆಯಂತೆ ಸಿಂಪಡಿಸಿರಿ.

5. ಹೊಸದಾಗಿ ಕೊಂಡ ರಾಸನ್ನು ಕೆಲವು ದಿನ ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿರಿ.

ವಿಜ್ಞಾನ ಔಷಧಿಯನ್ನು ಕೊಟ್ಟಿದೆ. ಅದನ್ನು ಕೊಡಿಸುವ ದಿನ ಮಾತ್ರ ರೈತನ ಕೈಯಲ್ಲಿದೆ. ಆ ದಿನ ತಪ್ಪದಿರಲಿ.