ಎರಡು ಖಾನೆಗಳ ಜನನಪತ್ರ



2023ರ ಫೆಬ್ರವರಿಯಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಜಹಾದ್ ಎಂಬ ಲಿಂಗಪರಿವರ್ತಿತ ಪುರುಷರು ಶಿಶುವಿಗೆ ಜನ್ಮವಿತ್ತರು. ಪುರುಷತ್ವದತ್ತ ಒಯ್ಯುತ್ತಿದ್ದ ಚಿಕಿತ್ಸೆಯನ್ನು ಅವರು ಗರ್ಭಕ್ಕಾಗಿ ನಿಲ್ಲಿಸಿದ್ದರು. ಸ್ತನಗಳನ್ನು ಮೊದಲೇ ತೆಗೆಸಿದ್ದುದರಿಂದ ಶಿಶುವಿನ ಹಾಲಿಗೆ ಆಸ್ಪತ್ರೆಯ ಎದೆಹಾಲಿನ ಬ್ಯಾಂಕನ್ನು ನೆಚ್ಚಬೇಕಾಯಿತು. ಸಂಗಾತಿ ಜಿಯಾ ಪಾವಲ್ ಲಿಂಗಪರಿವರ್ತಿತ ಸ್ತ್ರೀ. ಜನನಪತ್ರದಲ್ಲಾದರೋ ಜಹಾದ್ ತಾಯಿ, ಜಿಯಾ ತಂದೆ! ಖಾನೆಗಳೆರಡೂ ಭರ್ತಿಯಾದವು, ಎರಡರಲ್ಲಿಯೂ ಸತ್ಯವಿರಲಿಲ್ಲ. 'ಪೋಷಕರು' ಎಂದಷ್ಟೇ ನಮೂದಿಸಬೇಕೆಂದು ಅವರು ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋದರು. 2025ರ ಜೂನ್ ತಿಂಗಳಲ್ಲಿ ತೀರ್ಪು ಅವರ ಪರವಾಗಿ ಬಂದಿತು.

ನಮಗಿದು ತೀರ ಅಪರಿಚಿತವೇ? ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ದೇಹದ ದ್ರವ್ಯವೇದವನ್ನೂ ಅಂತರಂಗದ ಭಾವವೇದವನ್ನೂ ಬೇರ್ಪಡಿಸಿ, ಇವೆರಡೂ ಸಾಮಾನ್ಯವಾಗಿ ಹೊಂದಿಕೊಂಡಿದ್ದರೂ ಕೆಲವರಲ್ಲಿ ಭಿನ್ನವಾಗುತ್ತವೆಂದು ತಿಳಿಸಿದ್ದಾರೆ. ಕೇಶವಣ್ಣನು 1359ರಲ್ಲಿ ಅದಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿದನು. ಅಲ್ಲಿನ ವೇದವು ಕಾಮಪ್ರವೃತ್ತಿಗೆ ಸಂಬಂಧಿಸಿದ್ದು. ಇಂದಿನ ಲಿಂಗತ್ವದ ಕಲ್ಪನೆಗೆ ಪೂರ್ತಿ ಸಮನಲ್ಲ, ನಿಜ. ಆದರೂ ಒಳಗಿನದು ಹೊರಗಿನದಕ್ಕಿಂತ ಬೇರೆಯಿರಬಹುದೆಂಬುದನ್ನು ಆಚಾರ್ಯರು ಒಪ್ಪಿದ್ದರು. ನಾವೇ ಅದನ್ನು ಕಪಾಟಿನಲ್ಲಿಟ್ಟು ಪೂಜಿಸುತ್ತಿದ್ದೇವೆ.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಅದರ ಹೆಸರಿನಲ್ಲಿಯೇ ನಮ್ಮ ಟ್ರಸ್ಟುಗಳು ದೇಣಿಗೆ ಪಡೆಯುತ್ತವೆ, ತೆರಿಗೆ ವಿನಾಯಿತಿಯನ್ನೂ ಪಡೆಯುತ್ತವೆ. ಅಂಥದೊಂದು ಹೆರಿಗೆ ಆಸ್ಪತ್ರೆಗೆ ನಾಳೆ ಗಡ್ಡವಿರುವ ಬಸುರಿಯೊಬ್ಬರು ಬಂದರೆ ಚೀಟಿ ಬರೆಯುವವರು ಅವರನ್ನು ಏನೆಂದು ಕರೆಯುವರು? ಯಾವ ವಾರ್ಡಿಗೆ ಕಳುಹಿಸುವರು? ಟ್ರಸ್ಟಿಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲಿ.