ಬಿಟ್‌ನ ಲೆಕ್ಕ, ಗುಟ್ಟಿನ ಲೆಕ್ಕ



ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ಮೂರು ಗೋಷ್ಠಿಗಳಿವೆ. ಬೆಳಿಗ್ಗೆ ಐಪಿ ವಿಳಾಸ, ಮಧ್ಯಾಹ್ನ ಅಂತರಜಾಲದ ಖಾಸಗಿತನ, ನಾಳೆ ವಿಡಿಯೊ ಸ್ಟ್ರೀಮಿಂಗ್ ಮತ್ತು ಬ್ಯಾಂಡ್‌ವಿಡ್ತ್. ಮೊದಲನೆಯದು ಕಂಪ್ಯೂಟರ್ ವಿಭಾಗಕ್ಕೆ, ಎರಡನೆಯದು ಕಾನೂನು ಕಾಲೇಜಿಗೆ, ಮೂರನೆಯದು ಪತ್ರಿಕೋದ್ಯಮ ವಿಭಾಗಕ್ಕೆ. ಹಂಚಿಕೆ ಅಚ್ಚುಕಟ್ಟಾಗಿದೆ. ನನ್ನ ತಕರಾರು ಇರುವುದು ಈ ಅಚ್ಚುಕಟ್ಟಿನ ಮೇಲೆಯೇ. ಒಬ್ಬರ ಗೋಷ್ಠಿ ನಡೆಯುವಾಗ ಇನ್ನೊಬ್ಬರು ಕ್ಯಾಂಟೀನಿನಲ್ಲಿ ಇರಬಾರದು ಎಂದು ಒಪ್ಪಿಸುವುದಕ್ಕಾಗಿ ಈ ಹೊತ್ತನ್ನು ಬಳಸಿಕೊಳ್ಳುತ್ತೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ: ವಿಡಿಯೊ ಕಡಿಮೆ ಡೇಟಾದಲ್ಲಿ ಮನೆ ಮುಟ್ಟಲಿ ಎಂದು ಎಂಜಿನಿಯರುಗಳು ಮಾಡಿದ ಜಾಣತನವೇ ನೋಡುಗರ ಗುಟ್ಟನ್ನು ಬಿಟ್ಟುಕೊಡುತ್ತಿದೆ. ಗುಟ್ಟು ಉಳಿಯಬೇಕಾದರೆ ಡೇಟಾ ಖರ್ಚಾಗುತ್ತದೆ. ಆ ಖರ್ಚು ಯಾರ ತಲೆಯ ಮೇಲೆ?

ಮೊದಲು ವಿಳಾಸ. ಇವತ್ತಿಗೂ ಅರ್ಧ ಜಗತ್ತನ್ನು ನಡೆಸುತ್ತಿರುವ ಐಪಿ ನಾಲ್ಕನೇ ಆವೃತ್ತಿಯ ನಿಯಮಪತ್ರ ಹೊರಬಂದದ್ದು 1981ರ ಸೆಪ್ಟೆಂಬರಿನಲ್ಲಿ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಅದಕ್ಕೆ ಬದಲಾಯಿತು. ವಿಳಾಸಕ್ಕೆ 32 ಬಿಟ್. ಅಂದರೆ ಒಟ್ಟು 429 ಕೋಟಿ ಚಿಲ್ಲರೆ ವಿಳಾಸಗಳು. ವಿಶ್ವವಿದ್ಯಾಲಯಗಳ ಮತ್ತು ಪ್ರಯೋಗಾಲಯಗಳ ಜಾಲಕ್ಕೆ ಆಗ ಅದು ಅಕ್ಷಯ ಪಾತ್ರೆಯಂತೆಯೇ ಕಂಡಿರಬೇಕು. 2011ರ ಫೆಬ್ರುವರಿ 3ರಂದು ಜಾಗತಿಕ ಸಂಗ್ರಹದ ಕೊನೆಯ ಕಂತುಗಳನ್ನು ಹಂಚಿ ಮುಗಿಸಿದರು. ಎರಡೂವರೆ ತಿಂಗಳೂ ಕಳೆಯುವ ಮೊದಲೇ, ಏಪ್ರಿಲ್‌ನಲ್ಲಿ, ಏಷ್ಯಾ ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಸಂಸ್ಥೆ ಎಪಿನಿಕ್ ಉಳಿದದ್ದನ್ನು ಪಡಿತರದ ಲೆಕ್ಕದಲ್ಲಿ ಕೊಡಲು ಶುರುಮಾಡಿತು. ಭಾರತದಲ್ಲಿ ಮೊಬೈಲ್ ಇಂಟರ್ನೆಟ್ ನಿಜವಾಗಿ ಹರಡಿದ್ದು ಅದರ ನಂತರ. ಊಟದ ಪಂಕ್ತಿ ಎದ್ದ ಮೇಲೆ ನಾವು ಹೋದೆವು.

ಹಾಗಾದರೆ ಕೋಟಿಗಟ್ಟಲೆ ಫೋನುಗಳಿಗೆ ವಿಳಾಸ ಎಲ್ಲಿಂದ ಬಂತು? ವಠಾರ ಕಟ್ಟಿದರು. ಬೀದಿಗೆ ಒಂದೇ ಬಾಗಿಲು ನಂಬರು, ಒಳಗೆ ಹತ್ತಾರು ಸಂಸಾರ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ 10 ಎಂದೋ, 100.64 ಎಂದೋ, 192.168 ಎಂದೋ ಶುರುವಾಗುವ ಸಂಖ್ಯೆ ಕಂಡರೆ ಅದು ವಠಾರದ ಒಳಗಿನ ಕೋಣೆಯ ನಂಬರು, ಹೊರಜಗತ್ತಿಗೆ ಅದರ ಗುರುತಿಲ್ಲ. ಸೇವಾ ಕಂಪನಿಯ ಯಂತ್ರವೊಂದು ಎಲ್ಲರ ಪತ್ರಗಳನ್ನೂ ಒಂದೇ ಸಾರ್ವಜನಿಕ ವಿಳಾಸದಿಂದ ಕಳಿಸುತ್ತದೆ, ಉತ್ತರ ಬಂದಾಗ ಪೋರ್ಟ್ ಸಂಖ್ಯೆ ನೋಡಿ ಹಂಚುತ್ತದೆ. ಒಂದು ವಿಳಾಸಕ್ಕೆ 65,536 ಪೋರ್ಟುಗಳು. ಮೊದಲ ಸಾವಿರದಷ್ಟನ್ನು ಬಿಟ್ಟು ಉಳಿದದ್ದನ್ನು ತಲಾ ಸಾವಿರದಂತೆ ಹಂಚಿದರೂ ಅರವತ್ತು ಚಿಲ್ಲರೆ ಗ್ರಾಹಕರು ಒಂದೇ ವಿಳಾಸದಲ್ಲಿ ಕೂರುತ್ತಾರೆ. ಹೀಗಿರುವಾಗ "ಐಪಿ ವಿಳಾಸ ಸಿಕ್ಕಿದೆ, ಇನ್ನೇನು ಆರೋಪಿ ಸಿಕ್ಕಂತೆಯೇ" ಎಂದು ಟಿ.ವಿ.ಯಲ್ಲಿ ಯಾರಾದರೂ ಹೇಳಿದರೆ, ಯಾವ ಪೋರ್ಟ್, ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಕೇಳಬೇಕು. ಜೊತೆಗೆ, ಯಾವ ದೇಶದ ಗಡಿಯಾರ? ಸರ್ವರ್‌ಗಳ ದಾಖಲೆ ಬಹುಮಟ್ಟಿಗೆ ಯುಟಿಸಿ ಸಮಯದಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆಯಲ್ಲಿ ವಿಳಾಸ ಬೇರೆಯವರ ಪಾಲಾಗಿರುತ್ತದೆ.

ಇದು ಬರೀ ತಾಂತ್ರಿಕ ಹಟವಲ್ಲ. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆಯ ಪೊಲೀಸರು ಬಂಧಿಸಿದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡುವ ಚಿತ್ರ ಹಾಕಿದ್ದಾರೆ ಎಂಬುದು ಆರೋಪ. ಅವರು ಸುಮಾರು 50 ದಿನ ಯೆರವಡಾ ಜೈಲಿನಲ್ಲಿದ್ದರು. ಆಮೇಲೆ ತಿಳಿದದ್ದು, ಆ ಐಪಿ ವಿಳಾಸ ಅವರದಾಗಿರಲಿಲ್ಲ. ಸೇವಾ ಕಂಪನಿ ಒದಗಿಸಿದ ಮಾಹಿತಿಯೇ ತಪ್ಪಾಗಿತ್ತು. ವಠಾರದ ವ್ಯವಸ್ಥೆ ಇಷ್ಟು ದಟ್ಟವಾಗುವುದಕ್ಕೂ ಮುಂಚಿನ ಮಾತು ಇದು. ಕಾನೂನು ವಿದ್ಯಾರ್ಥಿಗಳು ಬೆಳಗಿನ ಗೋಷ್ಠಿಗೆ ಬರಲೇಬೇಕು ಎನ್ನುವುದು ಇದಕ್ಕೇ.

ಅಮೆರಿಕದ ಇನ್ನೊಂದು ಪ್ರಕರಣವನ್ನೂ ಸೇರಿಸುತ್ತೇನೆ. ಐಪಿ ವಿಳಾಸದಿಂದ ಊರು ಹೇಳುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ದೇಶ ಮಾತ್ರ ಗೊತ್ತಿದ್ದು ಊರು ಗೊತ್ತಿಲ್ಲದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ನಮೂದಿಸುತ್ತಿತ್ತು. ಆ ಬಿಂದು ಬಿದ್ದದ್ದು ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಬಳಿಯ ಒಂದು ತೋಟದ ಮನೆಯ ಮೇಲೆ. 60 ಕೋಟಿ ವಿಳಾಸಗಳಿಗೆ ಆ ಮನೆಯೇ ಠಿಕಾಣಿ! ವರ್ಷಗಟ್ಟಲೆ ಪೊಲೀಸರು, ತೆರಿಗೆಯವರು, ಮೋಸಹೋದ ಸಿಟ್ಟಿನಲ್ಲಿದ್ದ ಜನ ಆ ಮನೆಯ ಬಾಗಿಲು ಬಡಿದರು. ಪತ್ರಕರ್ತೆ ಕಾಶ್ಮೀರ್ ಹಿಲ್ 2016ರಲ್ಲಿ ಇದನ್ನು ಬಯಲಿಗೆಳೆದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ಮಧ್ಯಕ್ಕೆ ಸರಿಸಿತು. ಐಪಿ ವಿಳಾಸದ "ಸ್ಥಳ" ಎಂದರೆ ಯಾರೋ ಒಂದು ಕೋಷ್ಟಕದಲ್ಲಿ ಬರೆದಿಟ್ಟ ಅಂದಾಜು, ಅಷ್ಟೆ.

ವಿಳಾಸಗಳ ಬರಕ್ಕೆ ಪರಿಹಾರ ಬಂದಿದೆ, ಐಪಿ ಆರನೇ ಆವೃತ್ತಿ, 128 ಬಿಟ್. ಈ ವಿಷಯದಲ್ಲಿ ಭಾರತ ಹಿಂದುಳಿದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಶುರುವಾದಾಗಿನಿಂದ ನಾವು ಜಗತ್ತಿನ ಮುಂಚೂಣಿಯ ದೇಶಗಳಲ್ಲಿದ್ದೇವೆ. ಬೇಕಾದಷ್ಟು ವಿಳಾಸ, ವಠಾರದ ಅಗತ್ಯವಿಲ್ಲ. ಆದರೆ ವಠಾರದ ಗದ್ದಲದಲ್ಲಿ ಯಾರು ಯಾರೆಂದು ತಿಳಿಯದ ಒಂದು ರಕ್ಷಣೆ ಇತ್ತಲ್ಲ, ಅದನ್ನು ಯಾರೂ ಯೋಜಿಸಿ ಕೊಟ್ಟಿರಲಿಲ್ಲ, ಬರದಿಂದಾಗಿ ಬಂದದ್ದು. ಬರ ನೀಗಿದಾಗ ಅದೂ ಹೋಗುತ್ತದೆ. ಆರನೇ ಆವೃತ್ತಿಯ ಮೊದಲ ವಿನ್ಯಾಸದಲ್ಲಂತೂ ಯಂತ್ರದ ನೆಟ್‌ವರ್ಕ್ ಕಾರ್ಡಿನ ಕಾಯಂ ಸಂಖ್ಯೆಯೇ ವಿಳಾಸದ ಉತ್ತರಾರ್ಧದಲ್ಲಿ ಕೂರುತ್ತಿತ್ತು. ಲ್ಯಾಪ್‌ಟಾಪನ್ನು ಧಾರವಾಡದಿಂದ ದೆಹಲಿಗೆ ಒಯ್ದರೂ ಬಾಲ ಅದೇ. ಅಪಾಯ ಕಂಡ ಎಂಜಿನಿಯರುಗಳು 2001ರಲ್ಲಿ, ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸದ ವಿಧಾನ ತಂದರು. ಈಗಿನ ಫೋನುಗಳು ಅದನ್ನೇ ಬಳಸುತ್ತವೆ. ಆದರೂ ಪೂರ್ವಾರ್ಧ ಸಾಮಾನ್ಯವಾಗಿ ನಿಮ್ಮೊಬ್ಬರ ಫೋನಿಗೋ ನಿಮ್ಮೊಂದು ಮನೆಗೋ ಸೇರಿದ್ದು.

ಕಾನೂನಿನ ಕಡೆ ಬೇಗ ಹಾದುಹೋಗುತ್ತೇನೆ, ಮಧ್ಯಾಹ್ನ ಬಲ್ಲವರು ಮಾತಾಡುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ತೀರ್ಪಿಗೆ ಅಂಟಿರುವ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ನೆನಪಿಸಬೇಕು. ಬದಲಾಗುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿ ಆಗಬಲ್ಲದು ಎಂದು ಯುರೋಪಿನ ನ್ಯಾಯಾಲಯ 2016ರಲ್ಲೇ ಹೇಳಿದೆ. ವಿಳಾಸ ಕೇಳಲು ಪೊಲೀಸರಿಗೆ ನ್ಯಾಯಾಲಯದ ಅನುಮತಿ ಬೇಕು ಎಂಬ ಕಡೆಗೆ 2024ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ವಾಲಿತು. ನಮ್ಮಲ್ಲಿ 2023ರ ದತ್ತಾಂಶ ರಕ್ಷಣಾ ಕಾಯಿದೆ ಬಂದಿದೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅದರ 17ನೇ ಸೆಕ್ಷನ್ ಕೇಂದ್ರ ಸರ್ಕಾರದ ಕೈಯಲ್ಲೇ ಇಟ್ಟಿದೆ. ಟೆಲಿಕಾಂ ಕಂಪನಿಗಳು ಐಪಿ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಪರವಾನಗಿ ಷರತ್ತು ತಿದ್ದಲಾಯಿತು. ಅದಕ್ಕೆ ಮೊದಲು ಒಂದು ವರ್ಷವಿತ್ತು. ಗ್ರಾಹಕರ ವಿಳಾಸ ಮರೆಮಾಡುವ ವಿಪಿಎನ್ ಕಂಪನಿಗಳು ಅವರ ವಿವರವನ್ನು ಐದು ವರ್ಷ ಕಾಪಿಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿತು. ಕೆಲವು ವಿದೇಶಿ ಕಂಪನಿಗಳು ಇಲ್ಲಿನ ಸರ್ವರುಗಳನ್ನೇ ಎತ್ತಿಕೊಂಡು ಹೋದವು. ಯಂತ್ರ ಸಿಂಗಪುರದಲ್ಲಿಟ್ಟು ಭಾರತದ ವಿಳಾಸ ಕೊಡುವ ಏರ್ಪಾಡೂ ಬಂತು.

ಈಗ ವಿಡಿಯೊ. ಯಾರು ಏನು ನೋಡುತ್ತಾರೆ ಎಂಬುದು ಅಷ್ಟು ದೊಡ್ಡ ಗುಟ್ಟೇ ಎಂದು ಕೇಳುವವರಿದ್ದಾರೆ. 1987ರಲ್ಲಿ ರೊನಾಲ್ಡ್ ರೇಗನ್ ಅವರು ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ವಾಷಿಂಗ್ಟನ್ನಿನ ಒಂದು ವಾರಪತ್ರಿಕೆ, ಬೋರ್ಕ್ ಮನೆಯವರು ಅಂಗಡಿಯಿಂದ ಬಾಡಿಗೆಗೆ ಒಯ್ದಿದ್ದ ವಿಡಿಯೊ ಕ್ಯಾಸೆಟ್ಟುಗಳ ಪಟ್ಟಿ ತಂದು ಅಚ್ಚುಹಾಕಿತು. ಪಟ್ಟಿಯಲ್ಲಿ ಮುಜುಗರದ್ದೇನೂ ಇರಲಿಲ್ಲ. ಆದರೂ ಸಂಸದರೆಲ್ಲ ಬೆಚ್ಚಿಬಿದ್ದರು, ಪ್ರಾಯಶಃ ತಮ್ಮ ತಮ್ಮ ಪಟ್ಟಿಗಳನ್ನು ನೆನೆದು. ಮರುವರ್ಷವೇ ವಿಡಿಯೊ ಖಾಸಗಿತನ ರಕ್ಷಣಾ ಕಾಯಿದೆ ಬಂತು. ಕ್ಯಾಸೆಟ್ಟಿನ ಅಂಗಡಿಯವನಿಗಾದರೂ ನೀವು ಚಿತ್ರವನ್ನು ಎಷ್ಟು ಹೊತ್ತಿಗೆ ನಿಲ್ಲಿಸಿದಿರಿ, ಯಾವ ದೃಶ್ಯವನ್ನು ಎರಡು ಸಲ ನೋಡಿದಿರಿ ಎಂಬುದು ಗೊತ್ತಿರಲಿಲ್ಲ.

ಈಗ ಸಂಪರ್ಕವೆಲ್ಲ ಗೂಢಲಿಪಿಯಲ್ಲಿ ಇರುತ್ತದೆ, ನಡುವಿನವರಿಗೆ ಏನೂ ಕಾಣದು ಎಂಬ ನಂಬಿಕೆಯಿದೆ. ತಾಣದ ಹೆಸರು ಬಹುಮಟ್ಟಿಗೆ ಕಾಣುತ್ತದೆ, ಯಾವ ವಿಡಿಯೊ ಎಂಬುದು ಕಾಣುವುದಿಲ್ಲ. ಕಾಣುವುದಿಲ್ಲ ಎಂದು ನಾವೂ ಪಾಠ ಮಾಡಿಕೊಂಡು ಬಂದಿದ್ದೇವೆ. ಬ್ಯಾಂಡ್‌ವಿಡ್ತ್ ಪ್ರವೇಶಿಸುವುದು ಇಲ್ಲಿ.

ಪೂರ್ಣ ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ 1920 ಗುಣಿಸು 1080 ಚುಕ್ಕೆ, ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 25 ಚೌಕಟ್ಟು. ಗುಣಿಸಿದರೆ ಸೆಕೆಂಡಿಗೆ 124 ಕೋಟಿ ಬಿಟ್. ನೆಟ್‌ಫ್ಲಿಕ್ಸ್ ಅದೇ ಗುಣಮಟ್ಟಕ್ಕೆ ಕೇಳುವುದು 5 ಮೆಗಾಬಿಟ್ ವೇಗದ ಸಂಪರ್ಕ, ಅಂದರೆ 50 ಲಕ್ಷ ಬಿಟ್. ಸುಮಾರು 250 ಪಟ್ಟು ಕುಗ್ಗಿಸಿದ್ದು ಹೇಗೆ? ಬದಲಾಗದ್ದನ್ನು ಮತ್ತೆ ಕಳಿಸದೆ, ಬದಲಾದದ್ದನ್ನು ಮಾತ್ರ ಕಳಿಸಿ. ತಾಳಮದ್ದಲೆಯ ನೇರಪ್ರಸಾರದಲ್ಲಿ ಅರ್ಥಧಾರಿಗಳು ಕುಳಿತಲ್ಲೇ ಕುಳಿತು ವಾದಿಸುತ್ತಾರೆ. ತುಟಿ, ಕೈ ಬಿಟ್ಟರೆ ಏನೂ ಕದಲದು, ಡೇಟಾ ಅಲ್ಪ. ಅದೇ ಯಕ್ಷಗಾನದ ಬಯಲಾಟದಲ್ಲಿ ಪುಂಡುವೇಷ ಧಿಗಿಣ ಹಾಕಲು ಶುರುಮಾಡಿದರೆ ತೆರೆಯ ತುಂಬ ಬದಲಾವಣೆ, ಡೇಟಾ ಧುಮ್ಮಿಕ್ಕುತ್ತದೆ. ವಿಡಿಯೊವನ್ನು ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನಿಮ್ಮ ಆ್ಯಪ್ ಒಂದು ತುಣುಕು ತರಿಸಿಕೊಂಡು, ತುಸು ಸುಮ್ಮನಿದ್ದು, ಮತ್ತೊಂದು ತರಿಸಿಕೊಳ್ಳುತ್ತದೆ. ಪ್ರತಿ ತುಣುಕಿನ ಗಾತ್ರ ಬೇರೆ. ಒಂದು ಪ್ರಸಂಗದ ಉದ್ದಕ್ಕೂ ಈ ಗಾತ್ರಗಳ ಏರಿಳಿತ ಆ ಪ್ರಸಂಗಕ್ಕೇ ವಿಶಿಷ್ಟ.

ಗೂಢಲಿಪಿ ಅಕ್ಷರಗಳನ್ನು ಮುಚ್ಚುತ್ತದೆ, ಗಾತ್ರವನ್ನು ಮುಚ್ಚುವುದಿಲ್ಲ. 2017ರಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಆ್ಯಂಡ್ರೂ ರೀಡ್ ಮತ್ತು ಮೈಕೆಲ್ ಕ್ರ್ಯಾಂಚ್ 42,027 ನೆಟ್‌ಫ್ಲಿಕ್ಸ್ ವಿಡಿಯೊಗಳ ಬೆರಳಚ್ಚು ಕೋಶ ಕಟ್ಟಿ, ಹರಿವು ನೋಡಿಯೇ ಯಾವ ವಿಡಿಯೊ ಎಂದು ಗುರುತಿಸಿದರು. ರೋಯಿ ಶುಸ್ಟರ್, ವಿಟಾಲಿ ಶ್ಮಾಟಿಕೋವ್, ಎರಾನ್ ಟ್ರೋಮರ್ ಅವರ ತಂಡ ಇನ್ನೂ ಮುಂದೆ ಹೋಯಿತು: ಅದೇ ಜಾಲದಲ್ಲಿರುವ ಬೇರೊಂದು ಕಂಪ್ಯೂಟರಿನ ಬ್ರೌಸರಿನಲ್ಲಿ ಓಡುವ ಒಂದು ಸ್ಕ್ರಿಪ್ಟ್, ದಟ್ಟಣೆಯ ಏರಿಳಿತ ಅಳೆದು ಪಕ್ಕದವರ ವಿಡಿಯೊ ಊಹಿಸಬಲ್ಲದು. ಮೊದಲೇ ಅಚ್ಚು ತೆಗೆದಿಟ್ಟುಕೊಂಡ ವಿಡಿಯೊಗಳಿಗೆ ಮಾತ್ರ ಇದು ನಡೆಯುತ್ತದೆ ಎಂಬ ಮಿತಿ ಇದೆ, ನಿಜ. ವಿಪಿಎನ್ ಹಾಕಿಕೊಂಡರೂ ಏರಿಳಿತ ಪೂರ್ತಿ ಅಳಿಸಿಹೋಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಪರಿಹಾರ ಕಾಗದದ ಮೇಲೆ ಸುಲಭ. ಎಲ್ಲ ತುಣುಕುಗಳಿಗೂ ಹೊಟ್ಟು ತುಂಬಿ ಒಂದೇ ಗಾತ್ರ ಮಾಡಿಬಿಡಿ. ಒಂದು ವಿಡಿಯೊದ ಸರಾಸರಿ ಹರಿವು 2 ಮೆಗಾಬಿಟ್, ಗರಿಷ್ಠ 5 ಎಂದಿಟ್ಟುಕೊಳ್ಳಿ. ಗಂಟೆಗೆ 0.9 ಜಿಬಿ ಆಗುತ್ತಿದ್ದದ್ದು 2.25 ಜಿಬಿ ಆಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡ ಹುಡುಗಿಯ ಡೇಟಾ ಒಂದು ಗಂಟೆಯೊಳಗೆ ಖಾಲಿ. ಮನೆಗೆ ಫೈಬರ್ ಇರುವವರಿಗೆ ಈ ಹೊಟ್ಟು ಲೆಕ್ಕಕ್ಕೇ ಬಾರದು. 2023ರ ಜನವರಿಯವರೆಗೆ ನಮ್ಮ ದೇಶದಲ್ಲಿ 512 ಕಿಲೊಬಿಟ್ ವೇಗವಿದ್ದರೂ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು; ಈಗ 2 ಮೆಗಾಬಿಟ್ ಇರಬೇಕು. ಸಾಧಾರಣ ಎಚ್‌ಡಿಗೇ 3 ಮೆಗಾಬಿಟ್ ಬೇಕೆನ್ನುವಾಗ, ಸರ್ಕಾರಿ ವ್ಯಾಖ್ಯೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಗುಟ್ಟಿಗೆ ಮಿಗುವ ಜಾಗವೇ ಇಲ್ಲ. ಹೀಗೆ ಬಿಟ್ಟರೆ ಖಾಸಗಿತನ ಫೈಬರ್ ಇದ್ದವರ ಸೊತ್ತಾಗುತ್ತದೆ.

ವೇದಿಕೆಗಳು ಮನಸ್ಸು ಮಾಡಿದರೆ ಎಷ್ಟು ಬೇಗ ಬದಲಾಗುತ್ತವೆ ಎಂಬುದನ್ನು 2020ರ ಮಾರ್ಚಿನಲ್ಲಿ ನೋಡಿದ್ದೇವೆ. ಲಾಕ್‌ಡೌನ್ ಘೋಷಣೆಯಾದ ದಿನವೇ ಪ್ರಮುಖ ಸ್ಟ್ರೀಮಿಂಗ್ ಕಂಪನಿಗಳು ಸೇರಿ, ಮೊಬೈಲ್ ಜಾಲಗಳಲ್ಲಿ ಎಚ್‌ಡಿ ನಿಲ್ಲಿಸಿ ಏಪ್ರಿಲ್ 14ರವರೆಗೆ 480ಪಿ ಮೀರದಂತೆ ಕೊಡಲು ಒಪ್ಪಿದವು. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡಿದರು. ತಲಾ 2 ಮೆಗಾಬಿಟ್ ಎಂದರೂ ಸೆಕೆಂಡಿಗೆ 118 ಟೆರಾಬಿಟ್. ಅದನ್ನು ನಿಭಾಯಿಸಬಲ್ಲ ಎಂಜಿನಿಯರುಗಳಿಗೆ, ವೈಫೈ ಇದ್ದಾಗ ಹೊಟ್ಟು ತುಂಬುವ, ಮೊಬೈಲ್ ಡೇಟಾದಲ್ಲಿ ತುಣುಕಿನ ಗಾತ್ರಗಳನ್ನು ನಾಲ್ಕೈದು ಮಟ್ಟಗಳಿಗಾದರೂ ಹೊಂದಿಸುವ ಕೆಲಸ ಅಸಾಧ್ಯವೆಂದು ನಾನು ಒಪ್ಪುವುದಿಲ್ಲ. ಕೇಳುವವರಿಲ್ಲ, ಅದಕ್ಕೇ ಮಾಡಿಲ್ಲ.

ಕೇಳುವುದಕ್ಕೆ ಮೊದಲು ಅಳೆಯಬೇಕು. ಕನ್ನಡದ ವಿಡಿಯೊಗಳ ಮೇಲೆ, ನಮ್ಮ ಹಾಸ್ಟೆಲುಗಳ ವೈಫೈನಲ್ಲಿ, ಈ ಗುರುತು ಹಿಡಿಯುವ ವಿದ್ಯೆ ಎಷ್ಟು ನಡೆಯುತ್ತದೆ? ಹೊಟ್ಟು ತುಂಬಿದರೆ ಎಷ್ಟು ಡೇಟಾ ಹೆಚ್ಚಾಗುತ್ತದೆ? ತಾಳಮದ್ದಲೆ ಹತ್ತು, ಬಯಲಾಟ ಹತ್ತು, ಧಾರಾವಾಹಿ ಹತ್ತು, ಪಾಠದ ವಿಡಿಯೊ ಹತ್ತು ಆರಿಸಿಕೊಂಡರೆ ಸಾಕು. ಜಾಲದ ಹರಿವು ದಾಖಲಿಸುವ ವೈರ್‌ಶಾರ್ಕ್ ತಂತ್ರಾಂಶ ಉಚಿತ, ಅನುದಾನಕ್ಕೆ ಕಾಯಬೇಕಿಲ್ಲ. ಕಂಪ್ಯೂಟರ್ ವಿಭಾಗ ಅಳೆಯಲಿ, ಪತ್ರಿಕೋದ್ಯಮದವರು ವಿಡಿಯೊ ಆರಿಸಲಿ, ಭಾಗವಹಿಸುವ ವಿದ್ಯಾರ್ಥಿಗಳಿಂದ ಪಡೆಯುವ ಒಪ್ಪಿಗೆ ಪತ್ರವನ್ನು ಕಾನೂನು ಕಾಲೇಜಿನವರು ಬರೆದುಕೊಡಲಿ. ಒಪ್ಪಿಗೆ ಪತ್ರವಿಲ್ಲದೆ ಹಾಸ್ಟೆಲಿನ ವೈಫೈ ಮುಟ್ಟಿದರೆ ಮಧ್ಯಾಹ್ನದ ಗೋಷ್ಠಿಯವರೇ ನಿಮ್ಮ ಮೇಲೆ ದೂರು ಕೊಡುತ್ತಾರೆ. ಮೂರೂ ವಿಭಾಗದವರು ನಾಳೆ ಸಂಜೆಯೊಳಗೆ ಒಂದು ಮೇಜಿನ ಸುತ್ತ ಕುಳಿತು ಈ ಯೋಜನೆಯ ಒಂದು ಪುಟದ ಕರಡು ಸಿದ್ಧಮಾಡಿಕೊಡಬೇಕೆಂದು ಸಂಚಾಲಕರಲ್ಲಿ ಕೇಳಿಕೊಂಡು, ವೇದಿಕೆಯನ್ನು ಮೊದಲ ಗೋಷ್ಠಿಗೆ ಬಿಟ್ಟುಕೊಡುತ್ತೇನೆ.