ಲಾರ್ಚ್ ಮರದ ಲೆಕ್ಕಾಚಾರ



ಮರಗಳು ಎಲೆ ಉದುರಿಸುವ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಇದಕ್ಕೆ ನಮ್ಮಲ್ಲೇ ತೇಗ, ಮತ್ತಿ, ಮುತ್ತುಗ ಬೇಕಾದಷ್ಟಿವೆ. ಆದರೂ ನಾನು ಆರಿಸಿಕೊಂಡದ್ದು ಕರ್ನಾಟಕದ ಯಾವ ಕಾಡಿನಲ್ಲೂ ಸಿಗದ ಲಾರ್ಚ್ ಮರವನ್ನು. ನಮ್ಮ ದೇಶದಲ್ಲಿ ಅದನ್ನು ನೋಡಬೇಕಾದರೆ ಸಿಕ್ಕಿಂ ಕಡೆಯ ಹಿಮಾಲಯ ಹತ್ತಬೇಕು. ಕೋನಿಫರ್ ಎಂದರೆ ನಿತ್ಯಹರಿದ್ವರ್ಣ ಎಂದು ನಾವು ತರಗತಿಯಲ್ಲಿ ಬರೆಸುವ ಟಿಪ್ಪಣಿಯನ್ನು ಈ ಮರ ಕೇಳಿಸಿಕೊಂಡಂತಿಲ್ಲ. ಚಳಿಗಾಲಕ್ಕೆ ಮುಂಚೆ ಇಡೀ ಮರ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಸೂಜಿ ಎಲೆಗಳೆಲ್ಲ ಉದುರುತ್ತವೆ. ಮೊದಲ ಸಲ ಕಂಡವರು ಮರ ಸತ್ತಿತೆಂದೇ ತಿಳಿಯುತ್ತಾರೆ.

ಹಾಗೆ ನೋಡಿದರೆ ಸೂಜಿ ಎಲೆ ಉದುರಿಸದ ಕೋನಿಫರ್ ಇಲ್ಲ. ಪೈನ್ ತನ್ನ ಎಲೆಯನ್ನು ಕೆಲವು ವರ್ಷ ಇಟ್ಟುಕೊಂಡು ಬಿಡುತ್ತದೆ; ಅಮೆರಿಕದ ಬ್ರಿಸಲ್‌ಕೋನ್ ಪೈನ್ ದಶಕಗಳ ಕಾಲ ಇಟ್ಟುಕೊಳ್ಳುತ್ತದೆ. ಹಳೆಯದು ಬೀಳುವಾಗ ಹೊಸದು ಇದ್ದೇ ಇರುವುದರಿಂದ ಮರ ಬೋಳಾಗುವುದಿಲ್ಲ, ಅಷ್ಟೆ. ಹಾಗಾದರೆ ಲಾರ್ಚ್ ಪ್ರತಿ ವರ್ಷ, ಅದೂ ಒಟ್ಟಿಗೇ, ಏಕೆ ಉದುರಿಸುತ್ತದೆ?

ಲಾರ್ಚಿನ ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಆ ವರ್ಷ ಬೆಳೆದ ಉದ್ದ ಚಿಗುರಿನಲ್ಲಿ ಸೂಜಿಗಳು ಒಂದೊಂದಾಗಿ ಕೂತಿರುತ್ತವೆ. ಹಳೆಯ ಭಾಗದಲ್ಲಿ ಸಣ್ಣ ಗಂಟಿನಂಥ ಕಿರುರೆಂಬೆಗಳು. ಒಂದೊಂದರ ತುದಿಯಲ್ಲೂ ಇಪ್ಪತ್ತು, ಮೂವತ್ತು ಸೂಜಿಗಳ ಗೊಂಚಲು. ಮುಟ್ಟಿದರೆ ಚುಚ್ಚುವುದಿಲ್ಲ, ಮೆತ್ತಗಿರುತ್ತವೆ. ಪೈನ್ ಸೂಜಿಗಿರುವ ದಪ್ಪ ಮೇಣದ ಹೊದಿಕೆ, ಗಡಸು ಇದಕ್ಕಿಲ್ಲ. ಒಂದೇ ಬೇಸಿಗೆಗೆಂದು ಕಟ್ಟಿದ ಎಲೆ ಇದು. ಕಟ್ಟುವ ಖರ್ಚು ಕಡಿಮೆ, ತೂಕಕ್ಕೆ ಹೋಲಿಸಿದರೆ ದ್ಯುತಿಸಂಶ್ಲೇಷಣೆ ಜೋರು. ಉದುರಿಸುವ ಮುಂಚೆ ಎಲೆಯೊಳಗಿನ ಸಾರಜನಕದ ಬಹುಪಾಲನ್ನು ಮರ ಒಳಕ್ಕೆ ಎಳೆದುಕೊಳ್ಳುತ್ತದೆ. ಮನೆ ಖಾಲಿ ಮಾಡುವ ಬಾಡಿಗೆದಾರ ಬಲ್ಬನ್ನೂ ಬಿಚ್ಚಿಕೊಂಡು ಹೋಗುವ ಹಾಗೆ. ಬಡ ಮಣ್ಣಿನಲ್ಲಿ ಪ್ರತಿ ವರ್ಷ ಹೊಸ ಎಲೆ ಬಿಡುವ ದುಂದು ಅದಕ್ಕೆ ದಕ್ಕುವುದು ಈ ಜಿಪುಣತನದಿಂದ.

ಇನ್ನು ಚಳಿಯ ಮಾತು. ಪೂರ್ವ ಸೈಬೀರಿಯಾದ ಯಾಕುಟಿಯಾದಲ್ಲಿ ಉಷ್ಣಾಂಶ ಮೈನಸ್ 67 ಡಿಗ್ರಿ ಮುಟ್ಟಿದ ದಾಖಲೆ ಇದೆ. ಅಲ್ಲಿನ ಕಾಡೆಂದರೆ ಬಹುಮಟ್ಟಿಗೆ ಲಾರ್ಚ್ ಕಾಡು. ತೈಮಿರ್ ಪರ್ಯಾಯ ದ್ವೀಪದಲ್ಲಿ 72 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿಯೂ ಅದು ನಿಂತಿದೆ. ನೆಲದಡಿ ಎಂದೂ ಕರಗದ ಹೆಪ್ಪು, ಬೇಸಿಗೆಯಲ್ಲಿ ಮಾತ್ರ ಸಡಿಲವಾಗುವ ತೆಳು ಮೇಲ್ಮಣ್ಣು. ಚಳಿಗಾಲ ಮುಗಿಯುವ ಹೊತ್ತಿಗೆ ಬಿಸಿಲು, ಗಾಳಿ ಎಲೆಯಿಂದ ನೀರು ಹೀರುತ್ತವೆ, ಬೇರಿಗೆ ಮಾತ್ರ ಒಂದು ಹನಿಯೂ ಸಿಗದು. ಅಂದರೆ ಅಲ್ಲಿನ ಚಳಿಗಾಲ ಮರದ ಪಾಲಿಗೆ ಬರಗಾಲವೇ. ಬಂಡೀಪುರದ ಮಾರ್ಚ್ ತಿಂಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿವರಣೆ ಇಷ್ಟಕ್ಕೇ ಮುಗಿದಿದ್ದರೆ ನಾನೂ ಇಲ್ಲಿಗೇ ಕೂರಬಹುದಿತ್ತು. ಆದರೆ ಸೈಬೀರಿಯಾದ ಪಶ್ಚಿಮ ಭಾಗದಲ್ಲಿ ಕಡು ಚಳಿಗೆ ಸ್ಪ್ರೂಸ್ ಎಲೆ ಹೊತ್ತುಕೊಂಡೇ ನಿಲ್ಲುತ್ತದೆ. ಅತ್ತ ಲೂಯಿಸಿಯಾನದ ಬೆಚ್ಚನೆಯ ಜೌಗಿನಲ್ಲಿ, ನೀರಿಗೆ ಯಾವ ಕೊರತೆಯೂ ಇಲ್ಲದ ಕಡೆ, ಬಾಲ್ಡ್ ಸೈಪ್ರೆಸ್ ಎಂಬ ಕೋನಿಫರ್ ಎಲೆ ಉದುರಿಸುತ್ತದೆ. ಎಲೆ ಉದುರಿಸುವ ಇನ್ನೊಂದು ಕೋನಿಫರ್ ಮೆಟಾಸಿಕ್ವೊಯಾ ಇನ್ನೂ ಸೋಜಿಗದ್ದು. 1941ರಲ್ಲಿ ಜಪಾನಿನ ಶಿಗೆರು ಮಿಕಿ ಪಳೆಯುಳಿಕೆಗಳನ್ನು ನೋಡಿ ಅದಕ್ಕೆ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಚೀನಾದಲ್ಲಿ ಜೀವಂತ ಮರವೇ ಸಿಕ್ಕಿತು. ಕೆನಡಾದ ಆಕ್ಸೆಲ್ ಹೈಬರ್ಗ್ ದ್ವೀಪದಲ್ಲಿ, ಉತ್ತರ ಧ್ರುವಕ್ಕೆ ಅಷ್ಟು ಸಮೀಪದಲ್ಲಿ, ಸುಮಾರು 4.5 ಕೋಟಿ ವರ್ಷ ಹಿಂದಿನ ಅದರ ಬುಡಗಳಿವೆ. ಆಗ ಅಲ್ಲಿ ಹವೆ ಬೆಚ್ಚಗಿತ್ತು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕತ್ತಲು ಮಾತ್ರ ಈಗಿನಂತೆಯೇ. ಕತ್ತಲಲ್ಲಿ ಉಸಿರಾಡುತ್ತ ಎಲೆ ಇಂಗಾಲ ಕಳೆಯುತ್ತದೆ, ಅದನ್ನು ಉಳಿಸಲೆಂದೇ ಉದುರಿಸುವ ಗುಣ ಬಂತು ಎಂದು ಬಹುಕಾಲ ನಂಬಿದ್ದರು. ರಾಯರ್, ಆಸ್ಬೋರ್ನ್, ಬೀರ್ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷೆಗಿಟ್ಟರು. ಧ್ರುವದ ಬೆಳಕನ್ನು ಅನುಕರಿಸಿ ಸಸಿ ಬೆಳೆಸಿ, 2003ರಲ್ಲಿ ಪ್ರಕಟಿಸಿದ ಫಲಿತಾಂಶ ತಲೆಕೆಳಗಾಗಿತ್ತು: ಎಲೆ ಉಳಿಸಿಕೊಂಡಾಗಿನ ನಷ್ಟಕ್ಕಿಂತ ಎಲೆ ಎಸೆದಾಗಿನ ನಷ್ಟವೇ ಬಹಳ ಹೆಚ್ಚು. ಅಷ್ಟು ಕಾಲ ನಂಬಿದ ಚೆಂದದ ವಾದವನ್ನು ಹೆಚ್ಚು ಮಂದಿ ತೂಕಕ್ಕೆ ಹಾಕಿರಲಿಲ್ಲ ಎಂಬುದು ನನಗೆ ಆ ಫಲಿತಾಂಶಕ್ಕಿಂತ ದೊಡ್ಡ ಸುದ್ದಿ.

ಒಂದೇ ಮರದೊಳಗೂ ಉತ್ತರ ಬದಲಾಗುತ್ತದೆ. ರಾಕಿ ಪರ್ವತಗಳ ಎತ್ತರದಲ್ಲಿ ಬೆಳೆಯುವ ಆಲ್ಪೈನ್ ಲಾರ್ಚಿನ ಎಳೆಯ ಗಿಡಗಳು ಕೆಲವು ಸೂಜಿಗಳನ್ನು ಚಳಿಗಾಲ ಪೂರ್ತಿ ಹಸಿರಾಗಿಯೇ ಇಟ್ಟುಕೊಂಡು, ಮುಂದಿನ ಶರತ್ಕಾಲಕ್ಕೆ ಬಿಡುತ್ತವೆ. ಗಿಡ ಕುಳ್ಳಗಿರುವಷ್ಟು ಕಾಲ ಹಿಮದ ಹೊದಿಕೆಯೊಳಗೆ ಗಾಳಿಯ ಕಾಟವಿಲ್ಲ. ಬೆಳೆದು ಎತ್ತರವಾದ ಮರಕ್ಕೆ ಆ ಅಭ್ಯಾಸ ಇರುವುದಿಲ್ಲ.

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ತೇಗದ ಬಗ್ಗೆಯಾಗಲಿ, ಮತ್ತಿಯ ಬಗ್ಗೆಯಾಗಲಿ, ಒಣ ಕಾಲ ಬಂತು, ಎಲೆ ಉದುರಿತು ಎಂಬಲ್ಲಿಗೆ ನಿಲ್ಲಿಸಬೇಡಿ. ಎಲೆ ಕಟ್ಟಲು ಆದ ಖರ್ಚೆಷ್ಟು, ಬೀಳುವ ಮುನ್ನ ಮರ ಮರಳಿ ಪಡೆದದ್ದೆಷ್ಟು, ಅದೇ ಜಾತಿಯ ಸಸಿ ಏನು ಮಾಡುತ್ತದೆ, ತೊರೆಯಂಚಿನ ಮರ ಏನು ಮಾಡುತ್ತದೆ ಎಂಬ ಅಂಕಿಗಳನ್ನು ತಂದಿದ್ದರೆ ಅವನ್ನೇ ಮೊದಲು ತೋರಿಸಿ. ತಂದಿಲ್ಲದವರನ್ನು ಸಭೆ ಚರ್ಚೆಯ ವೇಳೆ ಕೇಳಲಿ. ಮೊದಲ ಗೋಷ್ಠಿಯ ಅಧ್ಯಕ್ಷರು ದಯವಿಟ್ಟು ವೇದಿಕೆಗೆ ಬರಬೇಕು.